ಹಳೇ ಮಾರುಕಟ್ಟೆಯ ತೆರೆಯದ ಬಾಗಿಲು

ನಮ್ಮ ಕಾರ್ಮಿಕ ಸಂಘದ ಮೆರವಣಿಗೆಗಳ ಬ್ಯಾನರುಗಳನ್ನೆಲ್ಲ ಬರೆದವಳು ಬಣ್ಣಕ್ಕ. ಘೋಷಣೆ ಉದ್ದವಾಯಿತೆಂದರೆ ಕುಂಚ ಕೆಳಗಿಡುತ್ತಿದ್ದಳು. "ಓದೋರು ನಡ್ಕೊಂಡು ಹೋಗ್ತಿರ್ತಾರೆ, ನಿಂತು ಪುರಾಣ ಕೇಳಲ್ಲ. ಅರ್ಧ ಕಡಿಮೆ ಮಾಡ್ಕೊಂಡು ಬನ್ನಿ" ಎಂದು ನಾಯಕರನ್ನೇ ವಾಪಸು ಅಟ್ಟುತ್ತಿದ್ದಳು. ಬಟ್ಟೆಯ ಕಾಲ ಮುಗಿದು ಫ್ಲೆಕ್ಸ್ ಬಂದಾಗ ಅಳುತ್ತ ಕೂರಲಿಲ್ಲ, ಕಂಪ್ಯೂಟರ್ ಕಲಿತಳು. ಈಗ ವಿಡಿಯೊ ಗೇಮ್ ಮಾಡುವ ಕಂಪನಿಯೊಂದರಲ್ಲಿ ಗೋಡೆ, ಬೀದಿ, ತುಕ್ಕು, ಪಾಚಿ ಎಲ್ಲವನ್ನೂ ಪರದೆಯ ಮೇಲೆ ಕಟ್ಟುವುದೇ ಅವಳ ಕೆಲಸ.

ಹೊಸ ಆಟಕ್ಕೆ ಹಳೆಯ ಕಟ್ಟಡವೊಂದು ಬೇಕಿತ್ತು. ಬಣ್ಣಕ್ಕ ನಮ್ಮ ಹಳೇ ಮಾರುಕಟ್ಟೆಯನ್ನೇ ಕಟ್ಟಿದಳು. ಅವಳು ಬೆಳೆದದ್ದು ಅದರ ಹಿಂದಿನ ಓಣಿಯಲ್ಲಿ. ಅಮ್ಮ ಸೊಪ್ಪು ಮಾರಿದ್ದು ಅಲ್ಲಿ, ಚಿಕ್ಕಪ್ಪ ಇಂದಿಗೂ ಮೂಟೆ ಹೊರುವುದು ಅಲ್ಲೇ. ಕಮಾನು, ಗಡಿಯಾರದ ಗೋಪುರ, ಕೂತು ಕೂತು ಸವೆದ ಕಲ್ಲುಕಟ್ಟೆ, ಕೊಳೆತ ಎಲೆಕೋಸಿಗೆ ಕಾಲು ಜಾರುವ ನೆಲ. ನಾನೇ ನೋಡಿದೆ. ನಾತ ಬರಲಿಲ್ಲ ಅನ್ನುವುದೊಂದೇ ಕೊರತೆ.

ಆದರೆ ಕಚೇರಿಯಲ್ಲಿ ಆಡಿ ನೋಡಿದವರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಬಿದ್ದರು. ಎದುರಿಗೆ ದೊಡ್ಡ ಬಾಗಿಲು. ನೇರ ಅಲ್ಲಿಗೇ ಹೋಗುವುದು, ತಳ್ಳುವುದು, ಒದೆಯುವುದು, ಬೈಯುವುದು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಬಣ್ಣಕ್ಕ ಅದನ್ನು ಗೋಡೆಯ ಹಾಗೆ ಗಟ್ಟಿಯಾಗಿ ಮಾಡಿ, ಮುಂದೆ ಖಾಲಿ ಬುಟ್ಟಿಗಳ ರಾಶಿ ಒಟ್ಟಿದ್ದಳು. ಅದು ತೆರೆಯುವ ವಸ್ತು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಮಾರುಕಟ್ಟೆಯವರಿಗೆ ಯಾರಿಗೂ ಹೊಳೆಯುವುದಿಲ್ಲ.

ವರ್ಷಗಳ ಹಿಂದೆ ಹಮಾಲಿಗಳ ಮುಷ್ಕರದ ದಿನ, ನಮ್ಮ ಮೆರವಣಿಗೆ ಒಳಗೆ ಬರಬಾರದೆಂದು ಅಧಿಕಾರಿಗಳು ಆ ಬಾಗಿಲಿಗೆ ಬೀಗ ಜಡಿದರು. ನಾವು ಪಕ್ಕದ ಗೋಡೆ ಕೆಡವಿ ನುಗ್ಗಿದೆವು. ಆಮೇಲೆ ಬೀಗ ತೆಗೆಯುವುದು ಅವರಿಗೆ ಮರೆತುಹೋಯಿತು, ಗೋಡೆ ಕಟ್ಟುವುದು ನಮಗೆ ಮರೆತುಹೋಯಿತು. ಬೇಡಿಕೆಗಳ ಕತೆ ಹಾಗಿರಲಿ, ದಾರಿಯಂತೂ ಆಯಿತು. ಅಂದಿನಿಂದ ಊರೆಲ್ಲ ಓಡಾಡುವುದು ಆ ಸಂದಿಯಲ್ಲೇ. ಬಣ್ಣಕ್ಕ ಆಟದಲ್ಲೂ ಒಳಗೆ ಹೋಗಲು ಇಟ್ಟಿದ್ದ ದಾರಿ ಅದೊಂದೇ.

ಕಂಪನಿಯ ಯಜಮಾನ ಇನ್ನೂ ಚಿಕ್ಕ ವಯಸ್ಸಿನವನು, ಸಭ್ಯ. "ಅಕ್ಕ, ಬಾಗಿಲು ತೆಗೆದುಬಿಡಿ. ಜನ ಒಳಗೆ ಹೋಗ್ಲಿ" ಎಂದ.

"ಅದು ತೆರೆಯಲ್ಲ."

"ಗೇಮಲ್ಲಿ ತೆರೀಬಹುದಲ್ಲ?"

"ತೆರೆದ್ರೆ ಅದು ನಮ್ಮ ಮಾರ್ಕೆಟ್ ಅಲ್ಲ, ಯಾವುದೋ ಮದುವೆ ಹಾಲ್ ಆಗುತ್ತೆ."

"ಮುಂದಿನ ವಾರ ಮತ್ತೆ ಆಡಿಸ್ತೀವಿ. ಆಗಲೂ ಸಿಕ್ಕಿಬಿದ್ರೆ ಇದನ್ನ ಕೈಬಿಟ್ಟು ಯಾವುದಾದ್ರೂ ರೆಡಿಮೇಡ್ ಕೋಟೆ ಹಾಕ್ತೀವಿ. ಬೇಜಾರು ಮಾಡ್ಕೋಬೇಡಿ."

"ಬೇಜಾರಿಗೆಲ್ಲ ಪುರುಸೊತ್ತೆಲ್ಲಿದೆ" ಎಂದು ಎದ್ದು ಬಂದಳು.

"ಸಂದಿ ಕಡೆಗೆ ಒಂದು ಬಾಣದ ಬೋರ್ಡ್ ಹಾಕು" ಎಂದೆ ನಾನು.

"ಮಾರ್ಕೆಟ್ಟಲ್ಲಿ ಯಾರಾದ್ರೂ ಬೋರ್ಡ್ ಓದಿದ್ದು ನೋಡಿದೀರಾ?"

ನೋಡಿರಲಿಲ್ಲ. ಹೊಸಬರನ್ನು ಆ ಸಂದಿಗೆ ಮುಟ್ಟಿಸುವವರು ಹಮಾಲಿಗಳು. ಬೆನ್ನ ಹಿಂದೆ ಕೂಗು ಬರುತ್ತದೆ, ಸರಿಯುತ್ತೀರಿ. ಇನ್ನೊಂದು ಕೂಗು, ಇನ್ನಷ್ಟು ಸರಿಯುತ್ತೀರಿ. ಕಣ್ಣು ಬಿಟ್ಟು ನೋಡಿದರೆ ಒಳಗಿರುತ್ತೀರಿ. ಬಣ್ಣಕ್ಕ ಮೂಟೆ ಹೊತ್ತವರ ಸಾಲನ್ನು ಆಟದೊಳಗೆ ತಂದಳು, ಕೂಗಿಗೆ ಚಿಕ್ಕಪ್ಪನನ್ನು ಮನೆಗೆ ಕರೆಸಿದಳು.

ಚಿಕ್ಕಪ್ಪ ಮೈಕಿನ ಮುಂದೆ ನಿಂತು ಕೆಮ್ಮಿದ. "ದಾರಿ ಬಿಡಿ."

"ಏನ್ ಚಿಕ್ಕಪ್ಪ ಇದು, ನೆಂಟರ ಮನೇಲಿ ನೀರು ಕೇಳೋ ಥರ ಇದೆ."

"ತಲೆ ಮೇಲೆ ಭಾರ ಇಲ್ದೆ ಹೇಗಮ್ಮ ಕೂಗೋದು? ಗಂಟಲೇ ಏಳಲ್ಲ."

ಹಾಸಿಗೆ ಸುತ್ತಿ ಹೊರಿಸಿದಳು. "ಇದಕ್ಕೆ ಬೆಕ್ಕೂ ದಾರಿ ಬಿಡಲ್ಲ" ಎಂದ. ಕೊನೆಗೆ ಕೆಳಗಿನ ಅಂಗಡಿಯಿಂದ ಈರುಳ್ಳಿ ಮೂಟೆ ತಂದು, ನಾನೂ ಅವಳೂ ಸೇರಿ ಏರಿಸಿದೆವು. ಕತ್ತಿನ ನರ ಬಿಗಿಯಿತು, ಮೊಣಕಾಲು ತುಸು ಬಾಗಿತು. ಆಗ ಬಂತು:

"ಏಯ್ ಸರಿ ಸರಿ ಸರಿ, ಮೈಮೇಲೆ ಬಂತು, ಆ ಕಡೆ ಸರಿ, ನಿಂತ್ಕೊಂಡು ಏನ್ ನೋಡ್ತೀಯ, ಸರಿ!"

ಪಕ್ಕದ ಮನೆಯವರು ಬಾಗಿಲು ತೆಗೆದು ಇಣುಕಿದರು.

"ಸಾಕೇನಮ್ಮ?"

"ಇಳಿಸ್ಬೇಡ, ಇನ್ನೊಂದ್ಸಲ" ಎಂದಳು ನಿರ್ದಯಿ.

ಮುಂದಿನ ವಾರ ಯಜಮಾನ ತಾನೇ ಆಡಲು ಕೂತ. ಕೋಟೆಯ ಚಿತ್ರಗಳೂ ಮೇಜಿನ ಮೇಲೆ ತಯಾರಿದ್ದವು. ಬಣ್ಣಕ್ಕನ ಜೊತೆ ಹೋಗಿದ್ದ ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ಎಲ್ಲರ ಹಾಗೆ ಅವನೂ ನೆಟ್ಟಗೆ ಬಾಗಿಲಿಗೆ ಹೋದ, ಒದ್ದ. ಬೆನ್ನ ಹಿಂದೆ ಚಿಕ್ಕಪ್ಪನ ಕೂಗು ಎದ್ದಿತು. ಪುಣ್ಯಾತ್ಮ ಕೂತಿದ್ದ ಕುರ್ಚಿಯನ್ನೇ ಪಕ್ಕಕ್ಕೆ ಎಳೆದುಕೊಂಡ. ಆಮೇಲೆ ಆಟದೊಳಗೂ ಸರಿದ. ಇನ್ನೊಂದು ಮೂಟೆ, ಇನ್ನೊಂದು ಕೂಗು. ಗೋಡೆಗೆ ಅಂಟಿಕೊಂಡು ಸರಿಯುತ್ತ ಸರಿಯುತ್ತ ಸಂದಿ ದಾಟಿ, ಸೊಪ್ಪಿನ ಸಾಲಿನ ನಡುವೆ ಹೋಗಿ ನಿಂತ.

"ಒಳಗೆ ಬಂದ್ನಾ ನಾನು?"

"ಬಂದ್ರಿ."

ಅವನು ನಕ್ಕ. ಕೋಟೆಯ ಚಿತ್ರಗಳನ್ನು ಮಗುಚಿಟ್ಟು, "ಬಾಗಿಲು ಮುಚ್ಚೇ ಇರಲಿ ಅಕ್ಕ" ಎಂದು ಕಮಾನು, ಗೋಪುರ, ಬೆಳಕು ಎಲ್ಲವನ್ನೂ ಒಂದೊಂದಾಗಿ ಹೊಗಳತೊಡಗಿದ.

"ಮಾತು ಆಮೇಲಿರ್ಲಿ" ಎಂದಳು ಬಣ್ಣಕ್ಕ. "ದಾರೀಲಿ ನಿಂತಿದೀರಿ, ಹಿಂದೆ ಇನ್ನೊಬ್ರು ಮೂಟೆ ಹೊತ್ಕೊಂಡು ಬರ್ತಿದಾರೆ. ಸರೀರಿ."