ಕೆಳತುಟಿಯ ನೆರಳು

ಸುಮಾ, ನಿಮ್ಮಮ್ಮನ ಚಿತ್ರದ ಬಗ್ಗೆ ನಾನು ನಿನಗೆ ಹೇಳಿದ್ದು ಸುಳ್ಳು. ಆ ಮುಖದಲ್ಲಿರುವುದು ದುಃಖವಲ್ಲ — ನನ್ನ ಕೈಲಾಗದತನ.

ನೀನಾಗ ಹಾಸ್ಟೆಲಿನಲ್ಲಿದ್ದೆ. ಬಸವನಗುಡಿಯ ನಿಮ್ಮ ಮನೆಯಲ್ಲಿ ಗಿರಿಜಮ್ಮನವರನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಬರೆಯುತ್ತಿದ್ದೆ. ಅವರು ಸುಮ್ಮನೆ ಕೂತರೆ ತಾನೆ? ನಿಮ್ಮಪ್ಪ ನನ್ನ ಬೆನ್ನ ಹಿಂದೆ ನಿಂತು ಅದೂ ಇದೂ ಹೇಳಿ ರೇಗಿಸುವರು, ಇವರು ಬಾಯ್ತುಂಬ ನಗುವರು. ಕಣ್ಣು, ಮೂಗು, ಸೀರೆಯ ಅಂಚು, ಎಲ್ಲ ಬಂತು. ನಗು ಮಾತ್ರ ಬರಲಿಲ್ಲ. ಹಲ್ಲು ಬರೆಯುವುದು ನನಗೆ ಯಾವತ್ತೂ ಒಲಿದದ್ದಲ್ಲ. ಬರೆದೆ, ಕೆರೆದೆ, ಮತ್ತೆ ಬರೆದೆ, ಮತ್ತೆ ಕೆರೆದೆ — ಕೊನೆಗೆ ರೋಸಿಹೋಗಿ ತುಟಿ ಮುಚ್ಚಿಸಿಬಿಟ್ಟೆ. ಕೆರೆದ ಜಾಗ ಗಲೀಜಾಗಿತ್ತಲ್ಲ, ಅದನ್ನು ಮರೆಮಾಚಲು ಕೆಳತುಟಿಯ ಅಡಿಗೆ ಕಂದು ಬಣ್ಣ ದಪ್ಪಗೆ ಬಳಿದೆ. ಅಷ್ಟೇ.

ಅಮ್ಮ ಹೋದ ಮೇಲೆ, ಧೂಳು ತೆಗೆಸಲೆಂದು ನೀನು ಚಿತ್ರವನ್ನು ಚಾಮರಾಜಪೇಟೆಯ ನನ್ನ ಮನೆಗೆ ತಂದೆ. ಅಪ್ಪನೂ ಜೊತೆಗಿದ್ದರು. ನೀನು ಅದನ್ನು ಬಹಳ ಹೊತ್ತು ನೋಡಿ, “ಅಂಕಲ್, ಅಮ್ಮ ಇಷ್ಟೊಂದು ದುಃಖದಲ್ಲಿದ್ರಾ?” ಎಂದೆ. ನನಗೆ ನಗು ಬರೆಯಲು ಬರಲಿಲ್ಲ ಎನ್ನಬಹುದಿತ್ತು. ಆದರೆ ಜಂಭ — ಆ ನೆರಳನ್ನು ಒಬ್ಬರಾದರೂ ಗಮನಿಸಿದರಲ್ಲ ಎಂಬ ಖುಷಿ ಬೇರೆ — “ಇದ್ದಿದ್ದನ್ನೇ ಬರ್ದಿದೀನಮ್ಮ. ಒಳಗಿನ ನೋವು ತುಟಿ ಹತ್ರಾನೇ ಬಂದು ನಿಲ್ಲೋದು” ಎಂದುಬಿಟ್ಟೆ. ನೀನು ತಿರುಗಿ ಅಪ್ಪನನ್ನು ನೋಡಿದೆ. ಆ ನೋಟ... ಆಗಲಾದರೂ ನಾನು ಬಾಯಿಬಿಡಬೇಕಿತ್ತು.

ಆವತ್ತಿನಿಂದ, ಒಂದೇ ಮನೆಯಲ್ಲಿದ್ದೂ ನೀನು ಅಪ್ಪನ ಜೊತೆ ಮಾತು ಬಿಟ್ಟಿದ್ದೀಯಂತೆ. ಮೊನ್ನೆ ಗಾಂಧಿ ಬಜಾರಿನಲ್ಲಿ ಸಿಕ್ಕಾಗ ಅವರೇ ಹೇಳಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು: “ನಂಗೆ ಗೊತ್ತಾಗ್ಲೇ ಇಲ್ಲ ನೋಡಿ. ಅವಳಿಗೆ ಏನು ಕೊರಗಿತ್ತು? ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?”

ಅಷ್ಟು ನಗಿಸಿದವರು — ಅವರೂ ನನ್ನ ಮಾತನ್ನೇ ನಂಬಿಬಿಟ್ಟಿದ್ದಾರೆ. ನಾನು ಆಗಲೂ ಹೇಳಲಿಲ್ಲ. ಏನೋ ಕೆಲಸವಿದೆ ಎಂದು ತಪ್ಪಿಸಿಕೊಂಡು ಬಂದೆ. ಥೂ, ನನ್ನ ಮೇಲೆ ನನಗೇ ಅಸಹ್ಯ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬಂದು ಇದನ್ನೆಲ್ಲ ಅವರೆದುರೇ ಹೇಳುತ್ತೇನೆ. ನನ್ನನ್ನು ಒಳಗೆ ಕರೆಯದಿದ್ದರೂ ಪರವಾಗಿಲ್ಲ. ಅವರನ್ನು ಬಾಗಿಲ ತನಕ ಕರೆ — ನೀನೇ, ನಿನ್ನ ಬಾಯಿಂದ, ಅಪ್ಪ ಎಂದು.