ಕುಂಕುಮ ಬೇಡವೆಂದ ಹೊತ್ತಿಗೆ

ಕಣ್ಣಾಸ್ಪತ್ರೆಯ ಚೀಟಿ ಹುಡುಕಲು ಟ್ರಂಕು ತೆರೆದರೆ ಮೂಗಿಗೆ ಬಡಿದದ್ದು ಕರ್ಪೂರದ ವಾಸನೆ. ನಾಳೆ ಅನಂತಪುರದಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಚೀಟಿಯಿಲ್ಲದೆ ಹೋದರೆ ಎಡಗಣ್ಣಿಗೆ ಕೈ ಹಾಕಿಬಿಟ್ಟಾರೆಂದು ಮಡಕಶಿರದ ನಮ್ಮ ಮನೆಯಲ್ಲಿ ಬೆಳಗಿನಿಂದ ಗಲಾಟೆ. ಕೈಗೆ ಸಿಕ್ಕಿದ್ದು ಮಾತ್ರ ಮಸಿ ಹಿಡಿದ ಒಂದು ಕೆಂಪು ಅರಿವೆಯ ಗಂಟು. ರಾಯದುರ್ಗದ ನನ್ನ ಸೋದರತ್ತೆಯದು. ಬನ್ನಿ, ಕೂತುಕೊಳ್ಳಿ, ಇದರ ಕಥೆ ಹೇಳಿಬಿಡುತ್ತೇನೆ. ಚೀಟಿ ಎಲ್ಲಿಗೂ ಓಡಿಹೋಗುವುದಿಲ್ಲ.

ಅತ್ತೆಯ ಮನೆ ಕೋಟೆ ಬೆಟ್ಟದ ಬುಡದ ಓಣಿಯಲ್ಲಿತ್ತು. ಅಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮೆಷಿನ್ನು. ಗುಟ್ಟಿನ ಮಾತನ್ನೂ ಕೂಗಿಯೇ ಹೇಳಬೇಕು. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮದುವೆ, ಸೀಮಂತಗಳಲ್ಲಿ ಯಾರೂ ಆಕೆಯನ್ನು ಮುಂದೆ ಕರೆಯುತ್ತಿರಲಿಲ್ಲ, ಆಕೆಯೂ ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ. ಆದರೆ ಆಕೆಯ ದೇವರ ಗೂಡಿನಲ್ಲಿ ಈ ಗಂಟಿತ್ತು, ಗಂಟಿನೊಳಗೆ ಒಂದು ಹಳೆಯ ಹೊತ್ತಿಗೆ. ಅದನ್ನು ಅತ್ತೆಯ ಕೈಯಿಂದಲೇ ಮುಟ್ಟಿಸಿಕೊಳ್ಳಬೇಕೆಂದು ಓಣಿಯ ನಂಬಿಕೆ. ಪರೀಕ್ಷೆಯ ಹಾಲ್ ಟಿಕೆಟ್ಟಿಗೆ, ಮಗುವಿನ ಬಿಸಿ ಹಣೆಗೆ, ಹೊಸ ಮೆಷಿನ್ನಿನ ಸೂಜಿಗೆ. ಕಣೇಕಲ್ಲಿನವನೊಬ್ಬ ಮೋಟಾರಿನ ಫ್ಯೂಸನ್ನೇ ಕಿತ್ತು ತಂದಿದ್ದ. ಮದುಮಗಳೂ ಹಸೆಗೇರುವ ಮುಂಚೆ ಬಂದು ತಲೆ ಬಗ್ಗಿಸುತ್ತಿದ್ದಳು. ಆಗ ನೀವು ನಮ್ಮ ಅತ್ತೆಯ ಮುಖ ನೋಡಬೇಕಿತ್ತು.

ಗಂಟು ಬಿಚ್ಚಿದರೆ ಮನೆ ಒಡೆಯುತ್ತದೆಂದು ಅತ್ತೆಯ ಅತ್ತೆ ಹೇಳಿ ಸತ್ತಿದ್ದಳು. ಗೆದ್ದಲಿಗೆ ಅಂಥ ಭಯಭಕ್ತಿ ಎಲ್ಲಿಂದ ಬರಬೇಕು? ಗೂಡಿನ ಚೌಕಟ್ಟು ಪುಡಿಪುಡಿಯಾದಾಗ ಅತ್ತೆ ನನಗೆ ಹೇಳಿಕಳಿಸಿದಳು. ನಮ್ಮ ವಂಶದಲ್ಲಿ ಮೊದಲು ಕನ್ನಡಕ ಹಾಕಿದವನು ನಾನಾದ್ದರಿಂದ ಪಂಡಿತನ ಪಟ್ಟ ತಾನಾಗಿಯೇ ಬಂದಿತ್ತು.

"ದೇವ್ರಿಗೆ ಹುಳ ಹತ್ತೈತೇನೋ, ಬಿಚ್ಚಿ ನೋಡು ತಮ್ಮಾ," ಅಂದಳು.

"ಮನಿ ಒಡದ್ರ?"

"ಇರಾಕಿ ನಾ ಒಬ್ಬಾಕಿ. ಹೆಂಗ ಒಡೀತೈತಿ?"

ಬಿಚ್ಚಿದೆ. ಅಂಗೈಯಗಲದ ಅಚ್ಚಿನ ಹೊತ್ತಿಗೆ. ಅಚ್ಚುಮೊಳೆಗಳು ಈ ಸೀಮೆಗೆ ಹೊಸದಾಗಿ ಬಂದ ಕಾಲದ್ದಿರಬೇಕು, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಬರೆದವನ ಹೆಸರಿಲ್ಲ, ಅಚ್ಚು ಹಾಕಿದ ಊರಿಲ್ಲ. ಕದ್ದು ಅಚ್ಚು ಹಾಕಿ ಕದ್ದೇ ಹಂಚಿದ ಮಾಲು. ಮೊದಲ ಪುಟ ಓದಿದವನೇ ಹೊತ್ತಿಗೆ ಮುಚ್ಚಿಬಿಟ್ಟೆ.

"ಯಾಕ, ಏನ್ ಬರದೈತಿ? ಜೋರಾಗಿ ಓದು."

ಹೊರಗೆ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಮಕ್ಕಳನ್ನೆತ್ತಿಕೊಂಡು ಕಾಯುತ್ತಿದ್ದರು. ಓದಿದರೆ ಅತ್ತೆ ಮತ್ತೆ ಅಡುಗೆಮನೆಯ ಮೂಲೆಗೇ ಹೋಗಬೇಕಾಗುತ್ತದಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಆಕೆಯೆದುರು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಓದಿದೆ: "ಎಲೈ ಓದುವವನೇ, ದೇವರು ಒಬ್ಬನೇ, ಅವನಿಗೆ ರೂಪವಿಲ್ಲ. ಕಲ್ಲಿಗೂ ಕಾಗದಕ್ಕೂ ಕೈಮುಗಿಯಬೇಡ. ಈ ಹೊತ್ತಿಗೆಗೆ ಕುಂಕುಮವಿಡಬೇಡ. ಓದಿ ಮತ್ತೊಬ್ಬನಿಗೆ ಕೊಡು. ಕೊಟ್ಟವನ ಹೆಸರು ಹೇಳಬೇಡ."

ಅರಿವೆ ದಾಟಿ ಇಳಿದ ಕುಂಕುಮ ಸರಿಯಾಗಿ ಆ ಕುಂಕುಮದ ಸಾಲಿನ ಮೇಲೆಯೇ ಕೂತಿತ್ತು. ಆ ಮನೆಯ ಯಾವನೋ ಹಿರಿಯ ಇದನ್ನು ತಂದು, ಯಾರೂ ಹುಡುಕದ ಜಾಗವೆಂದು ದೇವರ ಹಿಂದೆ ಬಚ್ಚಿಟ್ಟು, ಹೇಳದೆ ತೀರಿಕೊಂಡಿರಬೇಕು. ದೇವರ ಗೂಡಿನಲ್ಲಿ ಸಿಕ್ಕಿದ್ದನ್ನು ಸೊಸೆಯಂದಿರು ದೇವರಲ್ಲವೆಂದು ಹೇಗೆ ತಿಳಿದಾರು? ಇನ್ನೊಂದು ತಮಾಷೆ ನೋಡಿ: ಚೌಕಟ್ಟು ತಿಂದ ಗೆದ್ದಲು ಹೊತ್ತಿಗೆಯ ಒಂದು ಅಂಚನ್ನೂ ಮುಟ್ಟಿರಲಿಲ್ಲ. ಕರ್ಪೂರ, ಅರಿಶಿನ ಕಾಪಾಡಿದ್ದವು. ಓದಿದವರ ಮನೆಗಳಲ್ಲಿ ಇದರ ಜೊತೆ ಅಚ್ಚಾದ ಪ್ರತಿಗಳೆಲ್ಲ ಹರಿದು ಒಲೆ ಸೇರಿರಬೇಕು. ಬೇಡವೆಂದ ಪೂಜೆಯೇ ಇದನ್ನು ಉಳಿಸಿತ್ತು.

ಅತ್ತೆ ಹೊತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. "ದೇವ್ರು ಹೇಳಿದ ಮ್ಯಾಲೆ ಮುಗೀತು. ಕೊಡು ಅಂದಾನ, ಕೊಟ್ಟೆ. ನನ್ನ ಹೆಸರು ಹೇಳಬ್ಯಾಡ."

ನಾನು ಇಲ್ಲಿಯವರೆಗೆ ಆಕೆಯ ಹೆಸರು ಹೇಳಿಲ್ಲ, ಗಮನಿಸಿರಬಹುದು. ಹೊತ್ತಿಗೆಯನ್ನು ಆಮೇಲೆ ನಾನೂ ಒಬ್ಬರಿಗೆ ಕೊಟ್ಟೆ. ಇಂಥದ್ದು ಸಿಗುವುದೇ ಅಪರೂಪವೆಂದು ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೂ ಅದೇ ಷರತ್ತು ಹಾಕಿದ್ದೇನೆ.

ಆ ದಿನ ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಬರಿಯ ಅರಿವೆಯನ್ನು ಮಡಿಸಿ ಗಂಟು ಹಾಕಿ ಕಟ್ಟೆಗೆ ಬಂದಳು. ಎರಡೂ ಮಕ್ಕಳ ಹಣೆಗೆ ಮುಟ್ಟಿಸಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಹಂಗ್ಯಾಕ ನೋಡ್ತಿ? ಕಾಗದಕ್ಕ ಕೈ ಮುಗೀಬ್ಯಾಡ ಅಂದಾನ. ಅರಿವಿ ಬಗ್ಗೆ ಏನರ ಬರದಾನೇನು, ತಗದು ನೋಡು."

ಕನ್ನಡಕ ಏರಿಸಿ ಕೊನೆಯ ಪುಟದವರೆಗೆ ನೋಡಿದೆ. ಅರಿವೆಯ ಬಗ್ಗೆ ಅವನು ಏನೂ ಬರೆದಿರಲಿಲ್ಲ. ಅತ್ತೆ ಸಾಯುವವರೆಗೂ ಮದುಮಕ್ಕಳು ಬರುವುದು ನಿಲ್ಲಲಿಲ್ಲ. ಆಮೇಲೆ ಆ ಬರಿಗಂಟು ನನ್ನ ಟ್ರಂಕು ಸೇರಿತು.

"ಏನ್ರೀ, ಟ್ರಂಕ್‌ನಾಗೇ ಮಲ್ಕೊಂಡ್ರಾ?" ಹೆಂಡತಿ ಬಂದಳು. ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು. ಕಳೆದುಹೋದೀತೆಂದು ಬೆಳಗ್ಗೆಯೇ ಅಲ್ಲಿ ಕಟ್ಟಿಟ್ಟುಕೊಂಡು ಮರೆತಿದ್ದಳು. "ಆ ಗಂಟ್ನ ಇದಕ್ಕೆ ಒಂದ್ಸಲ ಮುಟ್ಸಿ, ನಿಮ್ಮತ್ತೆ ಮುಟ್ಟಿಸ್ತಿದ್ರಲ್ಲ ಹಂಗೆ."

"ಅದರೊಳಗೆ ಏನೂ ಇಲ್ಲ ಕಣೇ."

"ಇಲ್ದಿದ್ರೆ ಇಲ್ಲ. ಮುಟ್ಸಿ."

ಮುಟ್ಟಿಸಿದೆ. ಅವಳು ಚೀಟಿ ಹಿಡಿದುಕೊಂಡೇ ತಲೆಯನ್ನೂ ಬಗ್ಗಿಸಿದಳು. ಬೆಳಗಿನಿಂದ ಇಷ್ಟು ಗಲಾಟೆ ಮಾಡಿದವಳಿಗೆ ನನಗಿಂತ ಹೆಚ್ಚು ಹೆದರಿಕೆಯಾಗಿದೆ ಎಂದು ಆಗ ತಿಳಿಯಿತು. ಅವಳ ತಲೆಗೆ ಗಂಟನ್ನು ಮುಟ್ಟಿಸಿ, ಇನ್ನು ನನಗೆ ಮುಟ್ಟಿಸುವವರು ಯಾರೂ ಉಳಿದಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಅವಳು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದು ಯಾವ ಕಣ್ಣೆಂದು ಓದಿ ಖಾತ್ರಿ ಮಾಡಿಕೊಂಡು, ಗಂಟನ್ನು ನನ್ನ ಬಲಗಣ್ಣಿಗೆ ಒತ್ತಿದಳು.