ಅಕ್ಕನ ಸೋಮವಾರ

ಜಮಖಂಡಿಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಇಳಿಸಿ, ನಂಬಿಕೆ ಬರದೆ ಮತ್ತೊಮ್ಮೆ ತುಂಬಿ ನೋಡಿದರು. ಅವರ ಹಿಂದಿನ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರ. ಕೆರೆಯ ದಂಡೆಯಲ್ಲಿ ಒಬ್ಬ ಕಣ್ಣು ಮುಚ್ಚಿ ಕುಳಿತಿದ್ದಾನೆ. ಕೆಳಗೆ 'ಒತ್ತಡವಿಲ್ಲದ ಬದುಕು' ಎಂದು ಬರೆದಿದೆ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿ ಕೂಡಿಸಿ ಓದಿಕೊಂಡೆ. ಆ ಮನುಷ್ಯ ಚೆನ್ನಾಗಿಯೇ ಕುಳಿತಿದ್ದ. ಆದರೆ ಫೋಟೋ ತೆಗೆಯುವವನು ಯಾವಾಗ ಹೋಗುತ್ತಾನೋ ಎಂದು ಕಾಯುವವನ ಹಾಗೆ ಬೆನ್ನು ಸೆಟೆದಿತ್ತು. ಕೂತರೆ ನಮ್ಮ ಅಕ್ಕನ ಹಾಗೆ ಕೂರಬೇಕು ಎಂದುಕೊಂಡೆ. ಎಂದುಕೊಂಡ ಮೇಲೆ ನೆನಪಾಯಿತು, ಅಕ್ಕ ಹಾಗೆ ಕೂತು ವರ್ಷಗಳೇ ಆಗಿವೆ.

"ಗುಳಿಗಿ ಬರದೇನಿ. ಆದ್ರ ವಾರಕ್ಕ ಒಂದ್ ದಿನಾ ಆದ್ರೂ ಕೆಲಸ ಬಿಟ್ಟು ಸುಮ್ಮ ಕುಂದರ್ರಿ," ಎಂದರು ಡಾಕ್ಟರು.

ಅಕ್ಕನನ್ನು ಕೊಟ್ಟದ್ದು ಬೀಳಗಿ ಕಡೆಯ ಹೊಳೆದಂಡೆಯ ಊರಿಗೆ, ಒಕ್ಕಲುತನದ ಮನೆಗೆ. ನಮ್ಮ ಭಾಗದಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದವಾದ ಮಳೆ ಬಿದ್ದಿರಲಿ, ಎತ್ತುಗಳು ಅಂದು ಮೈ ತೊಳೆಸಿಕೊಂಡು ಮೆಲುಕು ಹಾಕುತ್ತ ಮಲಗಿರುತ್ತವೆ. ಅಕ್ಕ ಆ ಕಟ್ಟಳೆಯನ್ನು ತನಗೂ ಹಚ್ಚಿಕೊಂಡಳು. ಮುಂಜಾನೆ ಒಂದು ಪಲ್ಯ ಇಳಿಸಿ, ಹಿಂದಿನ ದಿನದ ರೊಟ್ಟಿ ಮನೆಯವರ ಮುಂದಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಮುಂದೆ ಹಸನು ಮಾಡುವ ಕಾಳಿಲ್ಲ, ಕೈಯಲ್ಲಿ ಕೌದಿ ಹೊಲಿಯುವ ಸೂಜಿಯಿಲ್ಲ, ಬಾಯಲ್ಲಿ ದೇವರ ಹೆಸರೂ ಇಲ್ಲ. ಸುಮ್ಮನೆ ಕೂರುವುದು. ಅಷ್ಟೇ.

"ಎತ್ತಿನ ಸಾಲಿನ್ಯಾಗ ಕುಂತಾಳ ನೋಡ್ರಿ ನಮ್ಮ ಸೊಸಿ," ಎಂದು ಅವಳ ಅತ್ತೆ ಓಣಿಗೆಲ್ಲ ಕೇಳುವಂತೆ ಹಂಗಿಸುತ್ತಿದ್ದಳು.

"ಎತ್ತಿಗಿ ಸೂಟಿ ಐತಿ ಅಂದ್ರ, ಅದಕ್ಕ ಮೇವು ಹಾಕಾಕಿಗಿ ಬ್ಯಾಡೇನ್ರಿ ಅತ್ತಿ?"

ಕೆಲವು ವರ್ಷಗಳ ಮೇಲೆ ನಾನು ಹೋದಾಗ ನೋಡುತ್ತೇನೆ, ಅತ್ತೆಯೂ ಅದೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. "ಜರಾ ಸರಕೋ" ಎಂದು ಸೊಸೆಯನ್ನೇ ಜಾಗ ಕೇಳುತ್ತಿದ್ದಾಳೆ.

ಅತ್ತೆಯೂ ಅಕ್ಕನ ಗಂಡನೂ ತೀರಿಕೊಂಡರು. ಮಕ್ಕಳಿರಲಿಲ್ಲ. ಆಲಮಟ್ಟಿಯ ಹಿನ್ನೀರು ಏರಿ ಊರೂ ಹೊಲವೂ ಮುಳುಗಿದವು. ಎತ್ತು ಮಾರಿ ಅಕ್ಕ ಬನಹಟ್ಟಿಗೆ, ನಮ್ಮ ಮನೆಗೆ ಬಂದಳು. ನಮ್ಮದು ಪಾವರ್‌ಲೂಮಿನ ಓಣಿ. ಖಟಾಖಟ ಸದ್ದಿನಲ್ಲಿಯೇ ಹುಟ್ಟಿ, ಸದ್ದು ನಿಂತರೆ ಏನು ಕೆಟ್ಟಿತೋ ಎಂದು ಗಾಬರಿಯಾಗುವ ಜನ. ಅಕ್ಕ ಬೇಗ ಕಲಿತಳು. ರಾಟಿಯ ಮುಂದೆ ಕೂತು, ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿ ಕೊಡುತ್ತಿದ್ದಳು. ಸೋಮವಾರ ಮಾತ್ರ ರಾಟಿ ಮುಟ್ಟುತ್ತಿರಲಿಲ್ಲ.

ಒಂದು ದೀಪಾವಳಿಯ ಮುಂದೆ ಸೀರೆಯ ಸಾವ್ಕಾರರು ಅವಸರ ಮಾಡುತ್ತಿದ್ದರು. ಕಂಡಿಕೆ ಸಾಲದೆ ಎರಡು ಮಗ್ಗ ನಿಂತವು. ಅಕ್ಕ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದಳು. ನನಗೆ ತಲೆ ಕೆಟ್ಟಿತು.

"ಎತ್ತು ಹ್ವಾದೂ, ಹೊಲಾ ಹ್ವಾತು. ಈ ಸೋಮವಾರ ಒಂದ್ ಯಾಕ ಉಳಿಸಿಕೊಂಡೀಬೇ? ಅದನ್ನೂ ನೀರಾಗ ಬಿಟ್ಟು ಬರಬೇಕಿಲ್ಲ?"

ಅಕ್ಕ ನನ್ನ ಮುಖ ನೋಡಿದಳು. "ಖರೆ ಐತಿ ಬಿಡಪಾ," ಎಂದು ಎದ್ದು ಒಳಗೆ ಹೋಗಿ ರಾಟಿ ಎಳೆದುಕೊಂಡಳು. ಮುಂದಿನ ಸೋಮವಾರವೂ ಸುತ್ತಿದಳು, ಅದರ ಮುಂದಿನದೂ. ಅಕ್ಕ ದಾರಿಗೆ ಬಂದಳೆಂದು ನಾನು ಹಿಗ್ಗಿದೆ. ಹೇಳಲು ನಾಚಿಕೆಯಾಗುತ್ತದೆ, ವರ್ಷಗಟ್ಟಲೆ ಹಿಗ್ಗಿಕೊಂಡೇ ಇದ್ದೆ. ಅವಳ ಮಾತು ಕಡಿಮೆಯಾದದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ.

ಡಾಕ್ಟರ ಬಳಿ ಹೋಗಿ ಬಂದ ಮೇಲಿನ ಸೋಮವಾರ ಮಗ್ಗಗಳನ್ನು ಬಂದ್ ಮಾಡಿದೆ. ಅಕ್ಕ ಅಭ್ಯಾಸದಂತೆ ರಾಟಿಯ ಮುಂದೆ ಕೂತಿದ್ದಳು.

"ಕರೆಂಟ್ ಹೋತೇನು?"

"ಇಲ್ಲಬೇ ಯಕ್ಕಾ. ಇವತ್ತ ಸೋಮವಾರ."

"ಹೌದು? ಎತ್ತು ಎಲ್ಲಿ ಅದಾವಪಾ?"

ಆ ದೀಪಾವಳಿಯ ಮುಂದೆ ನಾನಂದ ಮಾತನ್ನು ಅವಳು ಒಂದು ದಿನವೂ ಮರೆತಿರಲಿಲ್ಲ. ಗುಳಿಗೆಯ ಚೀಟಿ, ಡಾಕ್ಟರ ಮಾತು ಎಲ್ಲ ಒದರಿದೆ. ಕಡೆಗೆ, "ಅವತ್ತ ನಾ ಅಂದದ್ದು ತಪ್ಪಾತಬೇ," ಎಂದೆ.

"ತಪ್ಪಾತು ಅನ್ನಾಕ ನಿನಗ ಡಾಕ್ಟರ್ ಬೇಕಾತೇನ್ಲೇ?"

ಅಕ್ಕ ರಾಟಿಯಿಂದ ಕೈ ತೆಗೆದಳು. ಆಮೇಲೆ ಎಳೆ ಹರಿದು, ಮೊಣಕಾಲು ಹಿಡಿದುಕೊಂಡು ಎದ್ದಳು. "ಬಾ, ಕುಂದರು. ಕಾಲು ಅಳ್ಳಾಡಸಬ್ಯಾಡ. ಗಡಿಯಾರ ನೋಡಬ್ಯಾಡ. ಸಾವ್ಕಾರನ ಹೆಸರ ತಗದಿ ಅಂದ್ರ ಎಬ್ಬಿಸಿ ಕಳಸ್ತೇನಿ."

ಸುಮ್ಮನೆ ಕೂರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ನೀವೇ ಕೂತು ನೋಡಿ. ಮೊದಲ ದಿನ ನಾಲ್ಕು ಸಲ ನೆಪ ಮಾಡಿ ಎದ್ದೆ. ಅಕ್ಕ ಮಾತ್ರ ಬಂಡೆಯ ಮೇಲೆ ಬಿಸಿಲು ಕೂತ ಹಾಗೆ ಕೂತಿದ್ದಳು. ಇಷ್ಟು ದೊಡ್ಡ ವಿದ್ಯೆಯನ್ನು ಮನೆಯಲ್ಲಿಟ್ಟುಕೊಂಡು ಅವಳಿಂದ ಕಂಡಿಕೆ ಸುತ್ತಿಸಿದೆನಲ್ಲ!

ಇವತ್ತೂ ಸೋಮವಾರ. ಓಣಿಯ ಉಳಿದ ಮಗ್ಗಗಳೆಲ್ಲ ಬಡಿದುಕೊಳ್ಳುತ್ತಿವೆ. ಆ ಗದ್ದಲದ ನಡುವೆಯೇ ಅಕ್ಕ ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು, ನಿದ್ದೆ ಹೋಗಿದ್ದಾಳೆ. ಈಗಷ್ಟೇ ಸಾವ್ಕಾರರು ಮೋಟರ್‌ಸೈಕಲ್ ನಿಲ್ಲಿಸಿ, "ಯಾಕ್ರೀ, ಮಗ್ಗ ಬಂದ್ ಇಟ್ಟೀರಿ? ನನ್ನ ಮಾಲು?" ಎಂದು ಜೋರಾಗಿ ಕೇಳಿದರು.

ನಾನು ತುಟಿಯ ಮೇಲೆ ಬೆರಳಿಟ್ಟೆ.

"ಸಾವಕಾಶ ಮಾತಾಡ್ರಿ," ಎಂದೆ. "ಅಕ್ಕ ಮಲಗ್ಯಾಳ."